ಲೈಸೆನ್ಸ್ ಸರ್ವರ್ ಇದ್ದೂ ಸಿಗದ ದಿನ

ಬೆಳಿಗ್ಗೆ ಕೆಲಸಕ್ಕೆ ಕುಳಿತವರಲ್ಲಿ ಒಬ್ಬರಿಗೂ ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದ ವಿಂಡೋಸ್ ಸರ್ವರ್‌ನಲ್ಲಿ ಕೆಲಸ ಮಾಡುವ ಪರದೆ, ತೆರೆಯಲಿಲ್ಲ. ಲೈಸೆನ್ಸ್ ಕೊಡಲು ಯಾವ ಸರ್ವರೂ ಲಭ್ಯವಿಲ್ಲ, ಆದ್ದರಿಂದ ಸಂಪರ್ಕ ಕಡಿದಿದೆ ಎಂಬ ಸಂದೇಶವೇ ಎಲ್ಲರ ಪರದೆಯ ಮೇಲೂ. ಹಿಂದಿನ ಸಂಜೆಯವರೆಗೆ ಎಲ್ಲವೂ ಸರಿಯಾಗಿತ್ತು, ಯಾರೂ ಏನನ್ನೂ ಮುಟ್ಟಿರಲಿಲ್ಲ. ಆ ಸರ್ವರ್‌ಗಳನ್ನು ಕಟ್ಟಿದವರು ಬೇರೆಯವರು. ನೋಡಿಕೊಳ್ಳುವ ಹೊಣೆ ಆಗಷ್ಟೇ ನನಗೆ ಬಂದಿತ್ತು.

ಯಾರೂ ಮುಟ್ಟದಿರುವಾಗ ಕೆಟ್ಟಿತೆಂದರೆ ಅವಧಿ ಮುಗಿದಿರಬೇಕು ಎನ್ನಿಸಿತು. ಬಳಕೆದಾರರ ರಿಮೋಟ್ ಸಂಪರ್ಕಗಳನ್ನು ನಡೆಸುವ ಸೆಷನ್ ಹೋಸ್ಟ್ ಪಾತ್ರವನ್ನು ಸರ್ವರ್‌ನಲ್ಲಿ ಅಳವಡಿಸಿದ ಮೇಲೆ ಲೈಸೆನ್ಸ್ ಇಲ್ಲದೆಯೂ 120 ದಿನ ಅದು ಬಳಕೆದಾರರನ್ನು ಒಳಗೆ ಬಿಡುತ್ತದೆ. ಈ ವಿನಾಯಿತಿಯೇ ತೊಂದರೆಯ ಮೂಲ. ತಪ್ಪು ಮೊದಲ ದಿನವೇ ಆಗಿದ್ದರೂ ಅದರ ಫಲ ಕಾಣುವ ಹೊತ್ತಿಗೆ ಅಳವಡಿಸಿದವರು ಆ ಕೆಲಸವನ್ನೇ ಮರೆತಿರುತ್ತಾರೆ.

ಆಡಳಿತದ ಸಂಪರ್ಕಕ್ಕೆ ಈ ಲೈಸೆನ್ಸ್ ಬೇಕಿಲ್ಲ. ಸಂಪರ್ಕದ ಆದೇಶಕ್ಕೆ ಅಡ್ಮಿನ್ ಸ್ವಿಚ್ (/admin) ಸೇರಿಸಿ ಒಳಹೊಕ್ಕು, ಲೈಸೆನ್ಸ್ ತೊಂದರೆಗಳನ್ನು ಪತ್ತೆಹಚ್ಚುವ ಲೈಸೆನ್ಸಿಂಗ್ ಡಯಾಗ್ನೋಸರ್ ತೆರೆದೆ. ವಿನಾಯಿತಿ ಅವಧಿ ಮುಗಿದಿದೆ, ಲೈಸೆನ್ಸ್ ಸರ್ವರ್ ಯಾವುದೆಂದು ಸೂಚಿಸಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. ಅತ್ತ ಲೈಸೆನ್ಸ್ ಸರ್ವರ್ ಸಕ್ರಿಯವಾಗಿತ್ತು, ಕೊಂಡ ಲೈಸೆನ್ಸ್‌ಗಳೆಲ್ಲ ಅದರಲ್ಲಿ ಬಳಕೆಯಾಗದೆ ಕುಳಿತಿದ್ದವು.

ವಿಂಡೋಸ್ ಸರ್ವರ್ 2008ರ ಕಾಲದವರೆಗೆ ಟರ್ಮಿನಲ್ ಸರ್ವರ್ (ಸೆಷನ್ ಹೋಸ್ಟ್‌ನ ಹಳೆಯ ಹೆಸರು) ತಾನಾಗಿ ಲೈಸೆನ್ಸ್ ಸರ್ವರನ್ನು ಹುಡುಕಿಕೊಳ್ಳುತ್ತಿತ್ತು. ಕೇಂದ್ರ ಆಡಳಿತವಿಲ್ಲದ ವರ್ಕ್‌ಗ್ರೂಪ್‌ನಲ್ಲಿದ್ದರೆ ಜಾಲದಲ್ಲಿ ಕೂಗಿ ಕೇಳುತ್ತಿತ್ತು. ಕೇಂದ್ರ ಆಡಳಿತವಿರುವ ಡೊಮೈನ್‌ನಲ್ಲಿದ್ದರೆ ಅದನ್ನು ನಿಭಾಯಿಸುವ ಡೊಮೈನ್ ಕಂಟ್ರೋಲರ್‌ಗಳನ್ನೂ ಅದರ ಮಾಹಿತಿಕೋಶವಾದ ಆಕ್ಟಿವ್ ಡೈರೆಕ್ಟರಿಯನ್ನೂ ವಿಚಾರಿಸುತ್ತಿತ್ತು. 2008 ಆರ್2ರಿಂದ ಸೆಷನ್ ಹೋಸ್ಟ್‌ಗೆ ಆ ಹುಡುಕಾಟವಿಲ್ಲ, ಹೆಸರನ್ನು ನಾವೇ ಹೇಳಬೇಕು. ಹಳೆಯ ಅಭ್ಯಾಸದವರು ಈಗಲೂ ಇಲ್ಲೇ ಎಡವುತ್ತಾರೆ.

ಹಲವು ಕಂಪ್ಯೂಟರ್‌ಗಳ ಸೆಟ್ಟಿಂಗ್‌ಗಳನ್ನು ಒಂದೆಡೆಯಿಂದ ನಿರ್ಧರಿಸುವ ಗ್ರೂಪ್ ಪಾಲಿಸಿಯಲ್ಲಿ ಇದಕ್ಕೆ ಎರಡು ನಮೂದುಗಳಿವೆ: ಒಂದು ಸರ್ವರ್‌ನ ಹೆಸರು, ಇನ್ನೊಂದು ಲೈಸೆನ್ಸ್ ಬಳಕೆದಾರರ ಲೆಕ್ಕದ್ದೋ ಸಾಧನಗಳ ಲೆಕ್ಕದ್ದೋ ಎಂಬುದು. ಒಂದನ್ನು ತುಂಬಿ ಇನ್ನೊಂದನ್ನು ಬಿಟ್ಟರೆ ಕೆಲಸ ಆಗುವುದಿಲ್ಲ. ಎರಡನ್ನೂ ತುಂಬಿ, ಪಾಲಿಸಿಯನ್ನು ಹೊಸದಾಗಿ ಅನ್ವಯಿಸಿ, ಆದೇಶ ಬರೆದು ಕೊಡುವ ಪವರ್‌ಶೆಲ್‌ನಲ್ಲಿ ಸೂಚಿತ ಸರ್ವರ್‌ಗಳ ಪಟ್ಟಿ ಕೇಳಿದೆ. ಹೆಸರು ಬಂತು. ಆದರೂ ಬಳಕೆದಾರರು ಹೊರಗೇ ಉಳಿದರು! ಡಯಾಗ್ನೋಸರ್ ಈಗ ಬೇರೆ ದೂರು ಹೇಳಿತು: ಸರ್ವರ್ ಯಾವುದೆಂದು ಗೊತ್ತಿದೆ, ಆದರೆ ತಲುಪಲು ಆಗುತ್ತಿಲ್ಲ.

ಸರ್ವರ್ ತಲುಪುತ್ತದೆಯೇ ಎಂದು ನೋಡುವ ಪಿಂಗ್‌ಗೆ ಉತ್ತರ ಬರುತ್ತಿತ್ತು. 135ನೇ ಪೋರ್ಟ್ ಕೂಡ ತೆರೆದಿತ್ತು. ಬಹಳ ಮಂದಿ ಇಲ್ಲಿಗೇ ಜಾಲ ಸರಿಯಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಈ ಸರ್ವರ್‌ಗಳು ಪರಸ್ಪರ ಮಾತಾಡಲು ಬಳಸುವ ಆರ್‌ಪಿಸಿಯಲ್ಲಿ 135 ಎಂಬುದು ಬರೀ ವಿಚಾರಣೆಯ ಕಿಟಕಿ. ಯಾವ ಕೋಣೆಗೆ ಹೋಗಬೇಕೆಂದು ಅಲ್ಲಿ ಹೇಳಿ ಕಳಿಸುತ್ತಾರೆ, ಮಾತುಕತೆ ನಡೆಯುವುದು ಆ ಕೋಣೆಯಲ್ಲಿ. ಆ ಕೋಣೆಗಳು 49152ರಿಂದ 65535ರವರೆಗಿನ ಪೋರ್ಟ್‌ಗಳು. ಎರಡು ಸರ್ವರ್‌ಗಳ ನಡುವಿನ ಫೈರ್‌ವಾಲ್ ಆ ವ್ಯಾಪ್ತಿಯನ್ನು ಇಡಿಯಾಗಿ ತಡೆಹಿಡಿದಿತ್ತು. ಅದರ ದಾಖಲೆಯಲ್ಲಿ ಸೆಷನ್ ಹೋಸ್ಟ್‌ನ ವಿಳಾಸದಿಂದ ಹೊರಟು ತಿರಸ್ಕೃತವಾದ ಯತ್ನಗಳು ಸಾಲುಸಾಲಾಗಿ ಬಿದ್ದಿದ್ದವು. ಜಾಲದ ಸಹೋದ್ಯೋಗಿ ಆ ಎರಡು ವಿಳಾಸಗಳ ನಡುವೆ ಮಾತ್ರ ದಾರಿ ತೆರೆದುಕೊಟ್ಟರು.

ಇಷ್ಟರ ನಡುವೆ ಒಬ್ಬರು ಸುಲಭದ ಸಲಹೆ ಕೊಟ್ಟಿದ್ದರು: ವಿಂಡೋಸ್‌ನ ಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿಯಲ್ಲಿ ವಿನಾಯಿತಿ ಅವಧಿಯ ಕೀಲಿಯನ್ನು ಅಳಿಸಿ ಸರ್ವರನ್ನು ಮರುಚಾಲನೆ ಮಾಡಿ, ಇನ್ನೂ 120 ದಿನ ಸಿಗುತ್ತದೆ. ನಾನು ಒಪ್ಪಲಿಲ್ಲ. ಹಣ ಕೊಟ್ಟು ತಂದ ಲೈಸೆನ್ಸ್ ಇರುವಾಗ ಷರತ್ತಿಗೆ ಕಣ್ಣು ತಪ್ಪಿಸುವುದೇಕೆ? ಆ ಕೀಲಿ ಅಳಿಸಿದ್ದರೆ ಫೈರ್‌ವಾಲ್‌ನ ತಡೆ ಯಾರ ಕಣ್ಣಿಗೂ ಬೀಳದೆ, ನಾಲ್ಕು ತಿಂಗಳ ನಂತರ ಇನ್ನೊಂದು ಬೆಳಿಗ್ಗೆ ಇನ್ನೊಬ್ಬರ ತಲೆಯ ಮೇಲೆ ಬೀಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಜನ ಒಳಗೆ ಬರತೊಡಗಿದರು. ಡಯಾಗ್ನೋಸರ್ ಮಾತ್ರ ಲೈಸೆನ್ಸ್‌ಗಳ ವಿವರ ತೋರಿಸಲಿಲ್ಲ. ಅದಕ್ಕೆ ಲೈಸೆನ್ಸ್ ಸರ್ವರ್‌ನ ಮೇಲೂ ಆಡಳಿತದ ಹಕ್ಕು ಬೇಕು. ಆ ಖಾತೆಯ ಗುರುತು ಕೊಟ್ಟ ಮೇಲೆ ಸಂಖ್ಯೆಗಳು ಮೂಡಿದವು. ಉಳಿದ ಸೆಷನ್ ಹೋಸ್ಟ್‌ಗಳಲ್ಲಿ ವಿನಾಯಿತಿ ಎಷ್ಟು ದಿನ ಉಳಿದಿದೆ ಎಂದು ನೋಡಿದರೆ, ಆಮೇಲೆ ಸೇರಿಸಿದ ಒಂದು ಸರ್ವರ್‌ಗೂ ಇದೇ ಗತಿ ಬರಲಿತ್ತು. ಪಾಲಿಸಿಯನ್ನು ಎಲ್ಲ ಸೆಷನ್ ಹೋಸ್ಟ್‌ಗಳಿರುವ ಆಕ್ಟಿವ್ ಡೈರೆಕ್ಟರಿ ಘಟಕಕ್ಕೇ ಜೋಡಿಸಿ, ಫೈರ್‌ವಾಲ್ ನಿಯಮಕ್ಕೆ ಆ ಸರ್ವರ್‌ನ ವಿಳಾಸವನ್ನೂ ಸೇರಿಸಿಸಿದೆ.