ಗಂಡು ಕರುವಿನ ಪಾಲು

ಎಮ್ಮೆ ಈದರೆ ಗೋಕಾಕ ಕಡೆಯ ನಮ್ಮ ಮಾವನ ಮನೆಯಿಂದ ತಪ್ಪದೆ ಫೋನ್ ಬರುತ್ತದೆ. "ಗಿಣ್ಣ ತಿನ್ನಾಕ ಬಾ" ಅಂತ. ಈ ಸಲ ಬಂದದ್ದು ಶನಿವಾರ ರಾತ್ರಿ. ಮರುದಿನ ರಜೆ ಇತ್ತು, ಬೆಳಗಾವಿಯಿಂದ ಒಂದು ಡಬ್ಬಿ ಕುಂದಾ ಕಟ್ಟಿಸಿಕೊಂಡು ಬೆಳಿಗ್ಗೆಯ ಬಸ್ಸಿಗೇ ಹೊರಟೆ. ಘಟಪ್ರಭಾ ದಂಡೆಯ ಊರು. ಸುತ್ತ ಕಬ್ಬು, ಮನೆ ಹಿಂದೆ ಕೊಟ್ಟಿಗೆ. ಮಾವನ ಹತ್ರ ಪಂಢರಪುರಿ ತಳಿಯ ಎರಡು ಎಮ್ಮೆ, ಮುರ್ರಾ ತಳಿಯದೊಂದು. ಪಂಢರಪುರಿಯ ಕೋಡು ಭುಜ ದಾಟಿ ಹಿಂದಕ್ಕೆ ಹೋಗಿರುತ್ತದೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಈದದ್ದು ಮುರ್ರಾ. ಗಂಡು ಕರು.

ಊಟಕ್ಕೆ ಕೂತಾಗ ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣ ಬಂತು. ಅದೇ ಹೊತ್ತಿಗೆ ಅತ್ತೆ ಸಂತೆ ಕಡೆಯ ಮಟನ್ ಅಂಗಡಿ ಮಾತು ತೆಗೆದರು. ಭಾನುವಾರ ಅಲ್ವಾ, ಅಲ್ಲಿ ಮಂದಿ ಸಾಲು ನಿಂತಿರುತ್ತಾರೆ. "ಆ ಮೂಕ ಪ್ರಾಣೀನ ಕಡದು ತಿನ್ನಾಕ ಹೆಂಗ ಮನಸ ಬರತೈತೋ ಏನೋ. ನಾವಂತೂ ಯಾವ ಜೀವಕ್ಕೂ ಕೇಡು ಬಗದವರಲ್ಲ" ಅಂದರು. ಎಲ್ಲರೂ ಹೌದೆಂದರು. ಮಾವನ ಮಗ ಮಾತ್ರ ಬಟ್ಟಲು ಕೆಳಗಿಟ್ಟ. ಧಾರವಾಡದಲ್ಲಿ ಅಗ್ರಿ ಓದುತ್ತಾನೆ, ಮಾತು ಕಡಿಮೆ. "ಮೊದಲ ನಮ್ಮ ಕೊಟಗ್ಯಾಗ ಏನ್ ನಡದೈತಿ ನೋಡವ್ವಾ" ಅಂದ.

ನಾನು ಅವನ ಜೊತೆ ಎದ್ದು ಹೋದೆ.

ಕರು ತಾಯಿಯಿಂದ ದೂರ, ಗೋಡೆ ಪಕ್ಕದ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿತ್ತು. ಮೈಮೇಲಿನ ಕೂದಲು ಇನ್ನೂ ಅಂಟಂಟು. ಹಗ್ಗದ ತುದಿಯನ್ನೇ ಬಾಯಲ್ಲಿ ಹಾಕಿಕೊಂಡು ಚೀಪುತ್ತಿತ್ತು. ನಾನು ಬೆರಳು ಕೊಟ್ಟೆ. ಬಿಡಲೇ ಇಲ್ಲ. ನಾಲಿಗೆ ಬೆರಳಿಗೆ ಸುತ್ತಿಕೊಂಡು ಎಳೆಯುತ್ತಿತ್ತು, ಅಷ್ಟು ಚಿಕ್ಕ ಬಾಯಿಗೆ ಅಷ್ಟು ಶಕ್ತಿ ಎಲ್ಲಿಂದ ಬರುತ್ತದೋ. ಆ ಕಡೆ ತಾಯಿ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿತ್ತು.

ಹುಡುಗ ಹೇಳಿದ್ದು ಇಷ್ಟು. ಎಮ್ಮೆಯ ಹೊಟ್ಟೆಯೊಳಗೆ ಇದ್ದಾಗ ತಾಯಿಯ ರೋಗ ತಡೆಯುವ ಶಕ್ತಿ ಕರುವಿಗೆ ದಾಟುವುದಿಲ್ಲ. ಅದು ಬರುವುದು ಈ ಗಿಣ್ಣದ ಹಾಲಿನಲ್ಲೇ, ಅದೂ ಹುಟ್ಟಿದ ಮೊದಲ ಕೆಲವೇ ತಾಸುಗಳಲ್ಲಿ. ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದೇ ನಿಂತುಹೋಗುತ್ತದೆ. ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು ಹಾಲು ಕುಡಿಸಬೇಕು, ಅಂದರೆ 30 ಕಿಲೋ ಕರುವಿಗೆ 3 ಲೀಟರ್. ಈ ಕರುವಿಗೆ ಸಿಕ್ಕಿದ್ದು ಎಮ್ಮೆ ಹಾಲು ಇಳಿಸಲಿ ಅಂತ ಮೊಲೆಗೆ ಬಿಟ್ಟ ಒಂದೆರಡು ನಿಮಿಷ. ಉಳಿದದ್ದೆಲ್ಲ ನಮ್ಮ ಬಟ್ಟಲಿಗೆ ಬಂದಿತ್ತು.

ಹೋದ ಸಲದ ಗಂಡು ಕರು ತಿಂಗಳೂ ಬಾಳಲಿಲ್ಲವಂತೆ. ಭೇದಿ ಹಿಡಿದು ಒಣಗಿ ಒಣಗಿ ಹೋಯಿತು. ಅಲ್ಲೇ ಕಟ್ಟೆ ಮೇಲೆ ಕೂತಿದ್ದ ಆಯಿ, ಅಮ್ಮನ ತಾಯಿ, ಹಳೇ ಕಾಲದ್ದು ಹೇಳಿದಳು. ಕರು ಸತ್ತರೆ ಅದರ ತೊಗಲು ಬಿಡಿಸಿ, ಹುಲ್ಲು ತುಂಬಿ ಹೊಲಿದು, ಹಿಂಡುವ ಹೊತ್ತಿಗೆ ಎಮ್ಮೆ ಮುಂದೆ ನಿಲ್ಲಿಸುತ್ತಿದ್ದರಂತೆ. "ಅದು ಆ ತೊಗಲ ನೆಕ್ಕೋತ ಹಾಲ ಕೊಡ್ತಿತ್ತು" ಅಂದಳು. ಕೇಳಿ ನನಗೆ ಮಾತೇ ಹೊರಡಲಿಲ್ಲ.

ಈ ಮಂದಿಗೆ ಎಮ್ಮೆ ಮೇಲೆ ಪ್ರೀತಿ ಇಲ್ಲ ಅಂತ ಯಾರೂ ತಿಳಿಯಬಾರದು. ಬೆಳಗಾವಿಯ ಗವಳಿ ಗಲ್ಲಿಯಲ್ಲಿ ದೀಪಾವಳಿ ಪಾಡ್ಯದ ದಿನ ಎಮ್ಮೆಗಳ ಕೋಡಿಗೆ ಬಣ್ಣ ಹಚ್ಚಿ, ನವಿಲುಗರಿ ಕಟ್ಟಿ ಮೆರೆಸುವುದನ್ನು ನೋಡಿದವರಿಗೆ ಆ ಪ್ರೀತಿ ಗೊತ್ತು. ನಮ್ಮ ಅತ್ತೆಯೂ ಎಮ್ಮೆಗೆ ಹಿಂಡಿ ಕಲಸಿ ಇಟ್ಟ ಮೇಲೇ ತಾನು ಚಹಾ ಕುಡಿಯುವುದು. ಆ ಪ್ರೀತಿ ಗಂಡು ಕರುವಿನ ತನಕ ಬರುವುದಿಲ್ಲ, ನನ್ನ ತಕರಾರು ಅಷ್ಟೇ.

ಮಾವನಿಗೆ ಸಿಟ್ಟು ಬಂತು. ಬರಲೇಬೇಕು, ಲೆಕ್ಕ ಅವರ ಕಡೆಗೇ ಇದೆ. "ಲೀಟರಿಗೆ 50 ಅಂತ ಹಿಡಿ. ದಿನಾ ಎರಡ ಲೀಟರ ಕುಡದ್ರ ನೂರು ರೂಪಾಯಿ. ಮೂರು ತಿಂಗಳಿಗೆ ಒಂಬತ್ತ ಸಾವಿರ. ಅಷ್ಟ ಹಾಕಿ ಬೆಳಸಿದ ಕೋಣಾನ ಯಾರ ತಗೋತಾರ? ಊಳಾಕ ಟ್ರ್ಯಾಕ್ಟರ ಬಂದಾವು." ಮೊದಲು ದಲ್ಲಾಳಿಗಳು ಬಂದು ಒಯ್ಯುತ್ತಿದ್ದರು. ಎಲ್ಲಿಗೆ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. 2021ರಲ್ಲಿ ಜಾರಿಗೆ ಬಂದ ಹೊಸ ಗೋಹತ್ಯೆ ಕಾನೂನಿನಲ್ಲಿ 13 ವರ್ಷ ತುಂಬದ ಎಮ್ಮೆ, ಕೋಣಗಳನ್ನೂ ಕಡಿಯುವಂತಿಲ್ಲ. "ಕೊಲ್ಲಬ್ಯಾಡ ಅಂತ ಹೇಳ್ತಾರ. ಸಾಕಾವ್ರು ಯಾರಂತ ಹೇಳಂಗಿಲ್ಲ" ಅಂದರು ಮಾವ.

ಅದಕ್ಕೆ ಹುಡುಗ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಸಾಕಿದ ಪ್ರಾಣಿಗೆ ಸಾಕಷ್ಟು ಮೇವು ನೀರು ಕೊಡದೆ ಇರುವುದೂ ಹಿಂಸೆ ಅಂತಲೇ ಬರೆದಿದೆ ಅಂದ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ಐದು ಸ್ವಾತಂತ್ರ್ಯ ಅಂತ ಹೇಳಿತ್ತು, ಅದರಲ್ಲಿ ಮೊದಲನೆಯದೇ ಹಸಿವು ಬಾಯಾರಿಕೆ ಇಲ್ಲದೆ ಇರುವುದು. 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಪ್ರಾಣಿಗಳಿಗೆ ಮೂಲಭೂತ ಹಕ್ಕು ಇದೆ ಅಂತ ಹೇಳಲು ಒಪ್ಪಲಿಲ್ಲ. ಹಕ್ಕಿನ ಚರ್ಚೆ ಕೋರ್ಟಿನಲ್ಲಿ ನಡೆಯಲಿ, ನಡೆಯಬೇಕು ಕೂಡ. ಆದರೆ ಹಗ್ಗ ಚೀಪುವ ಕರುವಿಗೆ ಹಸಿವಾಗಿದೆ ಅಂತ ತಿಳಿಯಲು ನಮಗೆ ಯಾವ ತೀರ್ಪೂ ಬೇಕಾಗಿಲ್ಲ.

ನಾನು ಅತ್ತೆಗೆ ಹೇಳಿದ್ದು ಸ್ವಲ್ಪ ಬಿರುಸಾಗಿಯೇ ಇತ್ತು. ಕತ್ತಿ ಹಿಡಿದರೆ ಮಾತ್ರ ಕೊಲೆ, ತಿಂಗಳುಗಟ್ಟಲೆ ಹಸಿವಿನಲ್ಲಿ ಕಟ್ಟಿಹಾಕಿದರೆ ಅದು ದೇವರ ಇಚ್ಛೆ, ಹೀಗೆ ಹೇಗಾಗುತ್ತದೆ? ಸಂತೆಯ ಕುರಿ ಕೊನೆ ದಿನದವರೆಗೆ ಹೊಟ್ಟೆ ತುಂಬ ತಿಂದಿರುತ್ತದೆ. ಹಾಗಂತ ಕಡಿಯುವುದು ಸರಿ ಅಂತಲ್ಲ. ನಾವು ಮಾಂಸ ತಿನ್ನುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ನಮ್ಮ ಕೈ ಸ್ವಚ್ಛ ಅಂದುಕೊಳ್ಳಬಾರದು, ಹಾಲು ಕುಡಿಯುವ ಪ್ರತಿ ಮನೆಯ ಹಿಂದೆ ಇಂಥ ಒಂದು ಗೂಟ ಇದೆ. ಅತ್ತೆ ಉತ್ತರ ಕೊಡಲಿಲ್ಲ, ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಹಾಗಾದರೆ ಹಾಲನ್ನೇ ಬಿಡಬೇಕಾ? ನಮ್ಮ ಆಫೀಸಿನಲ್ಲಿ ಒಬ್ಬರು ಬಿಟ್ಟಿದ್ದಾರೆ. ಅವರ ಮಾತಿಗೆ ಎಷ್ಟು ತೂಕ ಇದೆ ಅಂತ ಅವತ್ತು ಕೊಟ್ಟಿಗೆಯಲ್ಲಿ ತಿಳಿಯಿತು. ಆದರೆ ಮಾವನ ಮನೆಯಲ್ಲಿ ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ, ಅದೂ ತಡವಾಗಿ. ಕಿರಾಣಿ, ಔಷಧ, ಹುಡುಗನ ಹಾಸ್ಟೆಲ್ ಖರ್ಚು ಎಲ್ಲ ಹಾಲಿನ ದುಡ್ಡಿನಲ್ಲೇ. ಆ ಮನೆಯಲ್ಲಿ ಉಂಡು, ಹಾಲು ನಿಲ್ಲಿಸಿ ಅನ್ನುವುದು ನನ್ನಿಂದ ಆಗುವುದಿಲ್ಲ. ಹುಡುಗ ಬೇರೆ ದಾರಿ ಹೇಳಿದ. ಕೃತಕ ಗರ್ಭಧಾರಣೆಗೆ ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿ ಬಂದಿದೆ, ಅದನ್ನು ಹಾಕಿಸಿದರೆ ನೂರಕ್ಕೆ 90ರಷ್ಟು ಹೆಣ್ಣೇ ಹುಟ್ಟುತ್ತವೆ. ಹುಟ್ಟಿ ಹಸಿವಿನಲ್ಲಿ ಸಾಯುವುದಕ್ಕಿಂತ ಹುಟ್ಟದೆ ಇರುವುದೇ ಮೇಲು ಅಂತ ನನಗೂ ಅನಿಸುತ್ತದೆ. ಆದರೆ ಈಗಾಗಲೇ ಹುಟ್ಟಿರುವ ಇದರ ಗತಿ?

ಕೊನೆಗೆ ಮಾತು ಆಡಿದ್ದು ಆಯಿ. "ಒಂದ ಮೊಲಿ ಕರಕ್ಕ ಬಿಡಪ್ಪಾ. ಮೂರು ನಿಮಗ ಸಾಲಂಗಿಲ್ಲೇನು?" ಮುರ್ರಾ ಕೊಡುವ ಗಿಣ್ಣದಲ್ಲಿ ಕರುವಿನ ಪಾಲು ಕೊಟ್ಟರೂ ಮನೆ ಮಂದಿಗೆ ಉಳಿಯುತ್ತದೆ, ಅದು ಮಾವನಿಗೂ ಗೊತ್ತು. ಗೊಣಗುತ್ತಲೇ ಹೋಗಿ ಹಗ್ಗ ಬಿಚ್ಚಿದರು. ಕರು ಎಡವುತ್ತ ಓಡಿ ಕೆಚ್ಚಲಿಗೆ ಗುದ್ದಿತು. ಬಾಯಿ ತುಂಬ ನೊರೆ, ಬಾಲ ಒಂದೇ ಸಮನೆ ಆಡುತ್ತಿತ್ತು. ಎಮ್ಮೆ ಅದರ ಬೆನ್ನು ನೆಕ್ಕತೊಡಗಿತು.

ಬಸ್ಸಿಗೆ ಹೊರಟಾಗ ಮಾವ ಹಿಂದಿನಿಂದ ಕೂಗಿ ಕೇಳಿದರು, "ಹಾಲ ಕುಡಸ್ತೀನಿ. ಮೂರು ವರ್ಷ ಆದಮ್ಯಾಗ ಇದನ್ನ ಎಲ್ಲಿ ಕಟ್ಟಲಿ?" ಹಾಲು ಕೊಳ್ಳುವ ನಾವು ಲೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟು, ಅದು ಇಂಥ ಕರುಗಳ ಮೇವಿಗೇ ಹೋಗುವ ಹಾಗೆ ಮಾಡಬೇಕು ಅಂದೆ. "ಹಂಗ ಕೊಡಾವ್ರು ನಿಮ್ಮ ಬೆಳಗಾವ್ಯಾಗ ಎಷ್ಟ ಮಂದಿ ಅದಾರ, ಕೇಳ್ಕೊಂಡ ಬಾ" ಅಂದರು.

ಕೇಳುತ್ತಿದ್ದೇನೆ. ಆಫೀಸಿನಲ್ಲಿ ಕೆಲವರು ಹೂಂ ಅಂದರು, ಜಾಸ್ತಿ ಜನ ಹಾಲಿನ ರೇಟು ಈಗಲೇ ಹೆಚ್ಚಾಗಿದೆ ಅಂದರು. ಹಾಲು ಬಿಟ್ಟ ಆ ಸಹೋದ್ಯೋಗಿ ಮಾತ್ರ, ತಾನು ಹಾಲು ಕೊಳ್ಳದಿದ್ದರೂ ಕರುವಿನ ಪಾಲು ಕೊಡುತ್ತೇನೆ ಅಂದರು. ಅದನ್ನು ಮಾವನಿಗೆ ಫೋನಿನಲ್ಲಿ ಹೇಳಿದೆ. "ಹಂಗಾದ್ರ ಅವರನ್ನ ಒಮ್ಮೆ ಕರ್ಕೊಂಡ ಬಾ, ಕರ ನೋಡ್ಲಿ" ಅಂದರು.