ವಸಂತದ ಆರಂಭದಲ್ಲಿ ಯಾವ ಬೀಜ ಮೊದಲು?

ಚಳಿ ಹೆಚ್ಚಿರುವ ಪ್ರದೇಶದಲ್ಲಿ ಕೈತೋಟ ಮಾಡುವವರಿಗೆ ವಸಂತದ ಮೊದಲ ಎಳೆಬಿಸಿಲು ಕಂಡೊಡನೆ ಬೀಜದ ಪೊಟ್ಟಣಗಳನ್ನೆಲ್ಲ ಒಮ್ಮೆಲೇ ಬಿಚ್ಚುವ ಆತುರ ಹುಟ್ಟುವುದು ಸಹಜ. ಆ ದಿನಗಳಲ್ಲಿ ನಾನು ಗಾಳಿಯ ಉಷ್ಣಾಂಶಕ್ಕಿಂತ ಮಣ್ಣಿನ ಉಷ್ಣಾಂಶವನ್ನು ನಂಬುತ್ತೇನೆ. ಮಧ್ಯಾಹ್ನ ಹೊರಗೆ 15 ಡಿಗ್ರಿ ಸೆಲ್ಸಿಯಸ್ ಇದ್ದರೂ, ಬೆಳಿಗ್ಗೆ ಪಾತಿಯಲ್ಲಿ 5 ಸೆಂಟಿಮೀಟರ್ ಆಳಕ್ಕೆ ಥರ್ಮಾಮೀಟರ್ ಊರಿ ನೋಡಿದರೆ ಅದು 4 ಡಿಗ್ರಿಯನ್ನಷ್ಟೇ ತೋರಿಸಬಹುದು. ಬೀಜಕ್ಕೆ ಲೆಕ್ಕವಾಗುವುದು ಈ ಎರಡನೆಯ ಅಂಕಿ.

ಪಾಲಕ್, ಲೆಟ್ಯೂಸ್ ಮತ್ತು ಈರುಳ್ಳಿಯ ಬೀಜಗಳು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ತುಸು ಬೆಚ್ಚಗಿರುವ ಮಣ್ಣಿನಲ್ಲೂ ಮೊಳೆಯುತ್ತವೆ. ಬಟಾಣಿಗೂ ಕ್ಯಾರೆಟ್‌ಗೂ 4ರಿಂದ 5 ಡಿಗ್ರಿ ಸಾಕು. ಆದರೆ ಬೀಜ ಮೊಳೆಯಬಲ್ಲದು ಎಂಬುದೇ ಬೇರೆ, ಅದು ಸಕಾಲಕ್ಕೆ ಮೊಳೆಯುತ್ತದೆ ಎಂಬುದೇ ಬೇರೆ. 5 ಡಿಗ್ರಿಯ ಮಣ್ಣಿನಲ್ಲಿ ಬಟಾಣಿ ಮೇಲೇಳಲು ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿದರೆ, 10 ಡಿಗ್ರಿಯಲ್ಲಿ ಅದಕ್ಕೆ ಸುಮಾರು ಎರಡು ವಾರ ಸಾಕಾಗುತ್ತದೆ. ಕ್ಯಾರೆಟ್ ಅಂತೂ 5 ಡಿಗ್ರಿಯಲ್ಲಿ ಏಳು ವಾರಗಳಷ್ಟು ಸತಾಯಿಸುತ್ತದೆ. ಅಷ್ಟು ದಿನ ಹಸಿ ಮಣ್ಣಿನಲ್ಲಿ ಬಿದ್ದಿರುವ ಬೀಜ ಕೊಳೆಯದೆ, ಇಲಿಯ ಬಾಯಿಗೂ ಬೀಳದೆ ಉಳಿದರೆ ಅದು ನಮ್ಮ ಪುಣ್ಯ.

ಹಾಗಿದ್ದರೂ ಪಾಲಕ್ ಮತ್ತು ಬಟಾಣಿಯನ್ನು ನಾನು ಎಲ್ಲಕ್ಕಿಂತ ಮೊದಲೇ ಬಿತ್ತುತ್ತೇನೆ. ಅವು ಚಳಿಯನ್ನು ಸಹಿಸುತ್ತವೆ ಎಂಬುದಕ್ಕಿಂತ ಸೆಕೆಯನ್ನು ಸಹಿಸುವುದಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ. ಹಗಲು 14 ಗಂಟೆಯ ಆಸುಪಾಸಿಗೆ ಬೆಳೆಯಿತೆಂದರೆ ಪಾಲಕ್ ಎಲೆ ಬಿಡುವುದನ್ನು ನಿಲ್ಲಿಸಿ ಹೂದಂಟು ಎತ್ತುತ್ತದೆ, ಬಟಾಣಿಯೋ ಬಿಸಿಲು ಏರಿದಂತೆ ಹೂ ಉದುರಿಸುತ್ತದೆ. ಕ್ಯಾರೆಟ್, ಬೀಟ್‌ರೂಟ್‌ಗಳಿಗೆ ಇಂಥ ಗಡುವಿಲ್ಲ; ಅವನ್ನು ತಿಂಗಳು ತಡವಾಗಿ ಬಿತ್ತಿದರೂ ನಷ್ಟವಿಲ್ಲ. ಆದ್ದರಿಂದ ನನ್ನ ಆಯ್ಕೆಯ ಪಟ್ಟಿ ಸಿದ್ಧವಾಗುವುದು ಪ್ರತಿ ಬೆಳೆಯ ಕಾಲ ಯಾವಾಗ ಮುಗಿಯುತ್ತದೆ ಎಂಬ ಕಡೆಯಿಂದ.

ಉಷ್ಣಾಂಶ ಸರಿಯಿದ್ದರೂ ಮಣ್ಣು ಹದಕ್ಕೆ ಬರದೆ ಗುದ್ದಲಿ ಹಾಕಬಾರದು. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಗಟ್ಟಿಯಾಗಿ ಅದುಮಿ, ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಉಂಡೆ ಪುಡಿಪುಡಿಯಾಗಿ ಉದುರಿದರೆ ಹದವಿದೆ ಎಂದರ್ಥ. ಬೆರಳಿನ ಗುರುತು ಮಾತ್ರ ಮೂಡಿ ಉಂಡೆ ಹಾಗೆಯೇ ನಿಂತರೆ ಇನ್ನೂ ಕೆಲವು ದಿನ ಕಾಯಬೇಕು. ಜೇಡಿಮಣ್ಣನ್ನು ಹಸಿಯಿರುವಾಗ ಅಗೆದರೆ ಆಗ ಏಳುವ ಹೆಂಟೆಗಳು ಒಣಗಿ ಕಲ್ಲಾಗಿ, ಇಡೀ ಬೆಳೆಗಾಲ ಬೇರುಗಳಿಗೆ ಅಡ್ಡ ಬರುತ್ತವೆ.

ಎಲೆಕೋಸಿನ ವಿಷಯದಲ್ಲಿ ದೊಡ್ಡ ಸಸಿಯೇ ಮೇಲು ಎಂಬ ನಂಬಿಕೆ ವ್ಯಾಪಕವಾಗಿದೆ, ನಾನು ಅದನ್ನು ಒಪ್ಪುವುದಿಲ್ಲ. ಕಾಂಡ ಪೆನ್ಸಿಲ್‌ನಷ್ಟು ದಪ್ಪವಾದ ಸಸಿ 10 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಹಲವು ವಾರ ಕಳೆದರೆ, ತಾನು ಒಂದು ಚಳಿಗಾಲವನ್ನೇ ದಾಟಿದೆ ಎಂಬಂತೆ ಗಡ್ಡೆ ಕಟ್ಟುವ ಬದಲು ಹೂವಿಗೆ ಹೋಗುತ್ತದೆ. ಎಳೆಯ ಸಸಿಗಳಿಗೆ ಈ ಅಪಾಯ ಕಡಿಮೆ. ಅವನ್ನು ಒಂದು ವಾರ ಹಗಲಿನಲ್ಲಿ ಹೊರಗಿಟ್ಟು ಗಾಳಿಬಿಸಿಲಿಗೆ ಒಗ್ಗಿಸಿ ನಂತರ ನೆಡುವುದು ಉತ್ತಮ. ಆಲೂಗೆಡ್ಡೆಗೆ ಮಣ್ಣು 7 ಡಿಗ್ರಿ ತಲುಪಿದರೆ ಸಾಕು, ಎಳೆಚಿಗುರು ಚಳಿಗೆ ಕರಟಿದರೂ ಅದು ಕೆಳಗಿನಿಂದ ಮತ್ತೆ ಚಿಗುರುತ್ತದೆ.

ಬೀನ್ಸ್, ಸೌತೆ, ಕುಂಬಳಗಳ ಮಾತನ್ನು ಈಗ ಎತ್ತುವುದೇ ಬೇಡ. ಮಣ್ಣು 15 ಡಿಗ್ರಿ ದಾಟುವವರೆಗೆ ಅವುಗಳ ಬೀಜ ಡಬ್ಬಿಯಲ್ಲೇ ಇರಲಿ. ಟೊಮೆಟೊವನ್ನು ಮಾತ್ರ ಇಬ್ಬನಿ ಹೆಪ್ಪುಗಟ್ಟುವ ಕೊನೆಯ ರಾತ್ರಿಗೆ ಆರರಿಂದ ಎಂಟು ವಾರ ಮೊದಲು ಮನೆಯೊಳಗೆ ಟ್ರೇಯಲ್ಲಿ ಬಿತ್ತಿಕೊಳ್ಳಬಹುದು. ಆ ಕೊನೆಯ ರಾತ್ರಿಯ ದಿನಾಂಕವೆಂದು ಸಿಗುವುದು ಸಾಮಾನ್ಯವಾಗಿ ಹಲವು ವರ್ಷಗಳ ಸರಾಸರಿಯಾದ್ದರಿಂದ, ಸುಮಾರು ಅರ್ಧದಷ್ಟು ವರ್ಷಗಳಲ್ಲಿ ಅದರ ನಂತರವೂ ಇಬ್ಬನಿ ಹೆಪ್ಪುಗಟ್ಟುತ್ತದೆ. ಈ ಕಾರಣಕ್ಕೆ ನಾನು ಬಟಾಣಿಯ ಪೊಟ್ಟಣದಲ್ಲಿ ಅರ್ಧವನ್ನು ಮಣ್ಣು ಹದಕ್ಕೆ ಬಂದ ಕೂಡಲೇ ಬಿತ್ತಿ, ಉಳಿದರ್ಧವನ್ನು ಹತ್ತು ದಿನ ಬಿಟ್ಟು ಪಕ್ಕದ ಸಾಲಿಗೆ ಹಾಕುತ್ತೇನೆ.