ಹಸಿರು ರಿಪೋರ್ಟ್

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪ್ಟೋಮೆಟ್ರಿಸ್ಟ್. ಓಸಿಟಿ, ಅಂದರೆ ಬೆಳಕಿನಿಂದ ಕಣ್ಣಿನ ಒಳಪದರಗಳನ್ನು ಅಳೆಯುವ ಸ್ಕ್ಯಾನ್ ಮಾಡುವುದು ನನ್ನ ದಿನದ ಕೆಲಸ. ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು, ಗ್ಲಾಕೋಮಾದವರು. ಈಚೆಗೆ ನ್ಯೂರಾಲಜಿ ವಿಭಾಗದಿಂದ ಬರುವ ಚೀಟಿಗಳೂ ಜಾಸ್ತಿಯಾಗಿವೆ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್), ಎನ್‌ಎಂಒ (ನ್ಯೂರೋಮಯಲೈಟಿಸ್ ಆಪ್ಟಿಕಾ) ಇಂಥ ಕಾಯಿಲೆಗಳು ಮೆದುಳು, ಬೆನ್ನುಹುರಿ, ಕಣ್ಣಿನ ನರ ಎಲ್ಲದರಲ್ಲೂ ಉರಿಯೂತ ತರುತ್ತವೆ. ಚೀಟಿ ಹಿಡಿದು ಬರುವವರಲ್ಲಿ ಬಹಳ ಮಂದಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು.

ತುಮಕೂರು ಕಡೆಯ ಒಬ್ಬ ಟೀಚರ್ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ಜೊತೆಗೆ ಅವರ ಅಪ್ಪ ಇದ್ದರು. ಎಂಎಸ್ ಇದೆಯೆಂದು ಎಂಆರ್‌ಐನಲ್ಲಿ ಆಗಲೇ ಗೊತ್ತಾಗಿತ್ತು. ಕೆಲವು ವರ್ಷಗಳ ಹಿಂದೆ ಎಡಗಣ್ಣು ಹೊರಳಿಸಿದರೆ ನೋವು, ಆಮೇಲೆ ನಾಲ್ಕೈದು ದಿನದಲ್ಲಿ ಆ ಕಣ್ಣೆಲ್ಲ ಮಂಜು. ಸ್ಟೀರಾಯ್ಡ್ ಡ್ರಿಪ್ ಹಾಕಿದ ಮೇಲೆ ನೋಟ ವಾಪಸ್ ಬಂದಿತ್ತು. ಈಗ ಬೋರ್ಡಿನ ಕೊನೆಯ ಸಾಲನ್ನೂ ಓದುತ್ತಿದ್ದರು.

ಅವತ್ತು ಮಾತ್ರ ಎಡಗಣ್ಣು ಮಂಕಾಗಿದೆ ಎಂದರು. ಬಸ್ ಸ್ಟಾಪಿನಿಂದ ಬಿಸಿಲಲ್ಲಿ ನಡೆದು ಬಂದಿದ್ದರು. ಮೈ ಬಿಸಿಯಾದಾಗ ಪೆಟ್ಟು ತಿಂದ ನರ ಸಂಕೇತವನ್ನು ಸರಿಯಾಗಿ ಸಾಗಿಸುವುದಿಲ್ಲ, ತಣ್ಣಗಾದರೆ ಸರಿಹೋಗುತ್ತದೆ. ಎಂಎಸ್ ಇರುವವರಿಗೆ ಇದು ಹೊಸದಲ್ಲ. ಫ್ಯಾನಿನ ಕೆಳಗೆ ಕೂರಿಸಿ, ನೀರು ಕೊಟ್ಟು, ಅರ್ಧ ಗಂಟೆ ಕಾದೆವು.

ಓಸಿಟಿಗೆ ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ. ಗದ್ದ ಇಟ್ಟು, ಹಣೆ ತಾಗಿಸಿ, ಒಳಗೆ ಕಾಣುವ ಗುರುತನ್ನೇ ನೋಡಬೇಕು. ಯಂತ್ರ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ಹಿಂದಿರುಗುವ ರೀತಿಯಿಂದ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಪದರಗಳನ್ನು ಒಂದೊಂದಾಗಿ ಅಳೆಯುತ್ತದೆ. ಅಮೆರಿಕದ ಎಂಐಟಿಯಲ್ಲಿ ಇದನ್ನು ಕಂಡುಹಿಡಿದ ತಂಡ 1991ರಲ್ಲಿ ಮೊದಲ ವರದಿ ಪ್ರಕಟಿಸಿತು. ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್, ಜೇಮ್ಸ್ ಫುಜಿಮೋಟೊ ಅವರಿಗೆ 2023ರಲ್ಲಿ ವೈದ್ಯಕೀಯ ಸಂಶೋಧನೆಯ ಲಾಸ್ಕರ್ ಪ್ರಶಸ್ತಿ ಬಂತು.

ಮೊದಲ ಸ್ಕ್ಯಾನಿನಲ್ಲಿ ಸಿಗ್ನಲ್, ಅಂದರೆ ಚಿತ್ರದ ಗುಣಮಟ್ಟದ ಅಂಕ, 10ಕ್ಕೆ 5 ಮಾತ್ರ ಬಂತು. ಕಣ್ಣು ಒಣಗಿತ್ತು. ಇಂಥ ಸ್ಕ್ಯಾನನ್ನು ಹಾಗೇ ಪ್ರಿಂಟ್ ಮಾಡಿದರೆ ಪದರ ಇರುವುದಕ್ಕಿಂತ ತೆಳುವಾಗಿ ಕಾಣಬಹುದು. ಸುಮ್ನೆ ಒಂದು ಮನೆಗೆ ಭಯ ಕಳಿಸಿದಂತೆ. ಡ್ರಾಪ್ಸ್ ಹಾಕಿ, ರೆಪ್ಪೆ ಬಡಿಯಲು ಹೇಳಿ, ಮತ್ತೆ ತೆಗೆದೆ. 8 ಬಂತು.

ರಿಪೋರ್ಟ್ ಪರದೆ ಮೇಲೆ ಮೂಡಿದಾಗ ಅಪ್ಪ ಬಗ್ಗಿ ನೋಡಿದರು. "ಎಲ್ಲಾ ಹಸಿರೇ ಇದೆ ಅಲ್ವಾ ಮೇಡಂ? ಏನೂ ತೊಂದರೆ ಇಲ್ಲ ತಾನೆ?"

ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಕೊಡಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಹಸಿರು ಅಂದರೆ ಅದೇ ವಯಸ್ಸಿನ ಆರೋಗ್ಯವಂತರ ಸಾಲಿನಲ್ಲಿ ನೀವೂ ಇದ್ದೀರಿ ಎಂದಷ್ಟೇ. ಆ ಸಾಲು ಬಹಳ ಅಗಲ. ನಿಮ್ಮ ಕಣ್ಣು ಮೊದಲು ಹೇಗಿತ್ತು ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಅವರ ಬಲಗಣ್ಣಿನಲ್ಲಿ ನರದ ಎಳೆಗಳ ಪದರ 97 ಮೈಕ್ರಾನ್ ಇತ್ತು, ಹೆಚ್ಚು ಕಡಿಮೆ ಒಂದು ಬಿಳಿ ಹಾಳೆಯ ದಪ್ಪ. ಎಡಗಣ್ಣಿನಲ್ಲಿ 88. ಎರಡೂ ಹಸಿರೇ. ಆದರೆ ಒಬ್ಬರದೇ ಎರಡು ಕಣ್ಣುಗಳ ನಡುವೆ 9 ಮೈಕ್ರಾನ್ ವ್ಯತ್ಯಾಸ ಸಣ್ಣದಲ್ಲ. ಎಂಎಸ್ ಗುರುತಿಸುವ ಮ್ಯಾಕ್‌ಡೊನಾಲ್ಡ್ ಮಾನದಂಡವನ್ನು 2024ರಲ್ಲಿ ಪರಿಷ್ಕರಿಸಿದಾಗ ಕಣ್ಣಿನ ನರವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಬೇರೆ ಕಾರಣ ಇಲ್ಲದಿದ್ದರೆ, ಈ ಪದರದಲ್ಲಿ 6 ಮೈಕ್ರಾನ್ ಅಥವಾ ಹೆಚ್ಚು ವ್ಯತ್ಯಾಸ, ಇಲ್ಲವೇ ಈ ಎಳೆಗಳು ಹೊರಡುವ ಗ್ಯಾಂಗ್ಲಿಯನ್ ಕೋಶಗಳ ಪದರದಲ್ಲಿ 4 ಅಥವಾ ಹೆಚ್ಚು ಇದ್ದರೆ ನರಕ್ಕೆ ಪೆಟ್ಟಾಗಿದೆ ಎಂದು ಈಗ ಪರಿಗಣಿಸಬಹುದು.

ಅಪ್ಪ ಚೀಲದಿಂದ ಹಳೇ ರಿಪೋರ್ಟ್ ತೆಗೆದರು. ಕಣ್ಣು ಮಂಜಾದ ವಾರದಲ್ಲೇ ಊರಿನ ಹತ್ತಿರ ಮಾಡಿಸಿದ್ದು. ಅದರಲ್ಲಿ ಎಡಗಣ್ಣಿಗೆ 134 ಅಂತ ಇತ್ತು. ಮಗಳ ಮುಖ ಇಳಿದುಹೋಯಿತು. "ಅಷ್ಟೊಂದು ಹೋಗಿಬಿಟ್ಟಿತಾ ಮೇಡಂ?"

ಇಲ್ಲ. ಉರಿಯೂತ ಜೋರಾಗಿದ್ದಾಗ ನರ ಬಾತುಕೊಂಡಿರುತ್ತದೆ. 134ರಲ್ಲಿ ಆ ಬಾವೂ ಸೇರಿತ್ತು. ಬಾವು ಇಳಿದು, ಪದರ ಒಂದು ನೆಲೆಗೆ ಬರಲು ಮೂರರಿಂದ ಆರು ತಿಂಗಳು ಬೇಕು. ಜೊತೆಗೆ ಆ ಸ್ಕ್ಯಾನ್ ಬೇರೆ ಕಂಪನಿಯ ಯಂತ್ರದ್ದು. ಎರಡು ಯಂತ್ರಗಳ ಅಳತೆಯನ್ನು ಪಕ್ಕಪಕ್ಕ ಇಟ್ಟು ಕಳೆಯುವ ಹಾಗಿಲ್ಲ. ಬಲಗಣ್ಣಿನೊಂದಿಗೆ ಹೋಲಿಸಿದರೆ ನಿಜವಾಗಿ ಹೋಗಿರುವುದು ಹತ್ತರ ಆಸುಪಾಸು ಇರಬಹುದು, ಡಾಕ್ಟರ್ ವಿವರವಾಗಿ ಹೇಳುತ್ತಾರೆ ಎಂದೆ. ಅವರು ಉಸಿರು ಬಿಟ್ಟರು.

ಈ ಸ್ಕ್ಯಾನಿನ ಬಗ್ಗೆ ನನಗೆ ಇಷ್ಟು ಅಕ್ಕರೆ ಇರುವುದಕ್ಕೆ ಕಾರಣ ಇದೆ. ಎಂಎಸ್ ಮೊದಲು ಕೆಡಿಸುವುದು ನರದ ಎಳೆಗಳ ಮೇಲಿನ ಮಯಲಿನ್ ಹೊದಿಕೆಯನ್ನು. ರೆಟಿನಾದೊಳಗೆ ಆ ಎಳೆಗಳಿಗೆ ಹೊದಿಕೆಯೇ ಇರುವುದಿಲ್ಲ, ಕಣ್ಣಿನಿಂದ ಹೊರಗೆ ಹೋದ ಮೇಲೆ ಶುರುವಾಗುತ್ತದೆ. ಹಾಗಾಗಿ ಇಲ್ಲಿ ಪದರ ತೆಳುವಾದರೆ ಎಳೆಯೇ ಹೋಗಿದೆ ಎಂದರ್ಥ. ತಲೆಬುರುಡೆಯ ಒಳಗಿನ ನಷ್ಟದ ಒಂದು ಸುಳಿವು ಐದು ನಿಮಿಷದಲ್ಲಿ ಸಿಗುತ್ತದೆ. ಹಾಗಂತ ಎಂಆರ್‌ಐ ಬಿಡುವ ಹಾಗಿಲ್ಲ. ಗ್ಲಾಕೋಮಾದಲ್ಲೂ ಇದೇ ಪದರ ತೆಳುವಾಗುತ್ತದೆ. ಯಾವ ಕಾಯಿಲೆ ಎಂದು ಓಸಿಟಿ ಒಂದೇ ಹೇಳಲಾರದು.

ಮುಂದಿನ ಬೇಸಿಗೆಯಲ್ಲಿ ಅವರು ಮತ್ತೆ ಬಂದರು, ಈ ಸಲ ಬೆಳಿಗ್ಗೆಯೇ. ಅದೇ ಯಂತ್ರ. ಬಲಗಣ್ಣು 97, ಎಡಗಣ್ಣು 87. ಒಂದು ಮೈಕ್ರಾನ್ ಕಡಿಮೆ ಕಂಡಿದ್ದಕ್ಕೆ ಅಪ್ಪ ಮತ್ತೆ ಗಾಬರಿಯಾದರು. ಒಂದೇ ದಿನ ಎರಡು ಸಲ ತೆಗೆದರೂ ಅಷ್ಟು ಹೆಚ್ಚುಕಡಿಮೆ ಬರುತ್ತದೆ ಎಂದೆ. ನಂಬಿಕೆ ಬರಲಿ ಅಂತ ಅವರ ಎದುರಿಗೇ ಇನ್ನೊಮ್ಮೆ ತೆಗೆದೆ. 88 ಬಂತು. ನ್ಯೂರಾಲಜಿಸ್ಟ್ ಹೊಸ ಎಂಆರ್‌ಐಯನ್ನೂ ನೋಡಿ ಅದೇ ಔಷಧಿ ಮುಂದುವರಿಸಿದರು. ಫೈಲಿನ ಮೇಲೆ ನಮ್ಮ ಯಂತ್ರದ ಹೆಸರು, ಮಾಡೆಲ್, ಸಿಗ್ನಲ್ ಎಷ್ಟಿತ್ತು ಎಂದು ಬರೆದುಕೊಟ್ಟೆ. ನ್ಯೂರಾಲಜಿಯಿಂದ ಬರುವ ಎಲ್ಲರ ಫೈಲಿನ ಮೇಲೂ ಈಗ ಹಾಗೇ ಬರೆದುಕೊಡುತ್ತೇನೆ.